ಮುಚ್ಚಿದ ಡಬ್ಬಿಯ ಒಳಹೊಲಿಗೆ

ಜೀನ್ಸ್ ಹೊಲಿಯುವ ಯೂನಿಟ್ಟಿನಿಂದ ಕಂಪ್ಯೂಟರಿನ ಸಿಪಿಯು ಡಬ್ಬಿ ರಿಪೇರಿಗೆ ಬಂತೆಂದರೆ ನಾನು ಅದನ್ನು ಅಂಗಡಿಯೊಳಗೆ ಬಿಚ್ಚುವುದಿಲ್ಲ, ಹೊರಗೆ ಕಟ್ಟೆಯ ಮೇಲಿಟ್ಟು ಬಿಚ್ಚುತ್ತೇನೆ. ಪಕ್ಕದ ಬಾಗಿಲು ತೆಗೆದರೆ ಒಳಗೆಲ್ಲ ನೀಲಿ ಅರಳೆ. ಡೆನಿಮ್ ಕತ್ತರಿಸುವಾಗ ಹಾರುವ ಎಳೆಗಳನ್ನು ಫ್ಯಾನು ಒಳಗೆಳೆದುಕೊಳ್ಳುತ್ತದೆ. ಅವು ವೈರುಗಳ ಗೊಂಚಲಿಗೆ ಸಿಕ್ಕಿ ಗುಬ್ಬಿ ಗೂಡಿನಂತೆ ಬೆಳೆಯುತ್ತವೆ. ಅದರ ಮೇಲೆ ಬಳ್ಳಾರಿಯ ಕೆಂಪು ಧೂಳು, ಏಪ್ರಿಲ್ಲಿನ 40 ಡಿಗ್ರಿ ಬಿಸಿಲು. ಯಂತ್ರ ತಾನಾಗಿ ಆಫ್ ಆಗುತ್ತಿದೆ ಎಂಬ ದೂರು ಬೇಸಿಗೆಯಲ್ಲೇ ಹೆಚ್ಚು.

ಹೀಗೆ ಬಂದ ಒಬ್ಬ ಮಾಲೀಕರ ಜತೆ ಅವರ ಮಗನೂ ಇದ್ದ. ಅವನ ಬೇಡಿಕೆ ಬೇರೆ. ‘ಅಣ್ಣಾ, ನನ್ನ ಗೇಮಿಂಗ್ ಪಿಸಿಗೆ ಸ್ಲೀವಿಂಗ್ ಮಾಡಿಕೊಡ್ರೀ, ಒಂದೊಂದು ವೈರಿಗೂ ಬಟ್ಟೆ ಹೊದಿಸಿದ ಹಾಗೆ’ ಅಂದ. ತಂದೆ ನಕ್ಕರು. ‘ಮುಚ್ಚಿಡೋ ಡಬ್ಬಿಗೆ ಯಾಕಪ್ಪಾ ಸಿಂಗಾರ?’

ನಾನಂದೆ, ‘ಅಣ್ಣಾರೆ, ಮಾಲು ಬಂದಾಗ ನೀವು ಪ್ಯಾಂಟಿನ ಒಳಮೈ ಹೊರಗೆ ಮಾಡಿ ಹೊಲಿಗೆ ನೋಡೋದಿಲ್ಲವೇ?’

ಹಾಗಂದರೂ ತಂದೆಯ ಪ್ರಶ್ನೆಯಲ್ಲಿ ಅರ್ಧ ಸತ್ಯವಿತ್ತು. ವೈರು ಓರಣ ಮಾಡಿದರೆ ಕಂಪ್ಯೂಟರ್ ತಂಪಾಗುತ್ತದೆ ಎಂಬ ಮಾತು ಹಳೆಯ ಕಾಲದ್ದು. ಹಾರ್ಡ್ ಡಿಸ್ಕಿಗೆ ಅಗಲವಾದ ಚಪ್ಪಟೆ ರಿಬ್ಬನ್ ಕೇಬಲ್ ಹೋಗುತ್ತಿದ್ದಾಗ ಅದು ಗಾಳಿಗೆ ಪರದೆಯಂತೆ ಅಡ್ಡ ನಿಲ್ಲುತ್ತಿತ್ತು. 2003ರ ಸುಮಾರಿಗೆ ಸಾಟಾ ಎಂಬ ತೆಳು ಕೇಬಲ್ ಬಂದ ಮೇಲೆ ಆ ಪರದೆ ಹೋಯಿತು. ಈಗಿನ ಕ್ಯಾಬಿನೆಟ್ಟುಗಳಲ್ಲಿ ಮದರ್‌ಬೋರ್ಡಿನ ಹಿಂದೆಯೇ ವೈರು ಸಾಗಿಸಲು ಜಾಗವಿರುತ್ತದೆ. ಬರೀ ಓರಣದಿಂದ ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿದದ್ದನ್ನು ನಾನು ಕಂಡಿಲ್ಲ. ನಿಜವಾದ ಲಾಭ ಮೂರು ತಿಂಗಳ ನಂತರ, ಧೂಳು ಊದಲು ಬ್ಲೋವರ್ ಹಿಡಿದಾಗ ಗೊತ್ತಾಗುತ್ತದೆ. ಸಡಿಲ ವೈರು ಫ್ಯಾನಿನ ರೆಕ್ಕೆಗೆ ಸಿಕ್ಕಿ ಫ್ಯಾನು ನಿಂತ ಯಂತ್ರಗಳನ್ನೂ ನೋಡಿದ್ದೇನೆ.

ಸ್ಲೀವಿಂಗ್ ಎಂದರೆ ಲಂಗಕ್ಕೆ ಲಾಡಿ ಪೋಣಿಸುವ ಕೆಲಸವೇ. ಯಂತ್ರಕ್ಕೆಲ್ಲ ಕರೆಂಟು ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಬರುವ ದೊಡ್ಡ ಕನೆಕ್ಟರಿನಲ್ಲಿ ವೈರಿನ ತುದಿಯ ಪಿನ್ನು ಕೂರುವ 24 ಮನೆಗಳಿವೆ. ಅದರಲ್ಲಿ 20ನೆಯದು ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಖಾಲಿ. ಹಿಂದೆ ಅಲ್ಲಿ ಮೈನಸ್ 5 ವೋಲ್ಟಿನ ಬಿಳಿ ವೈರಿತ್ತು. ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್, ಹಸಿರು ಆನ್ ಮಾಡುವುದು. ಎಲ್ಲಕ್ಕೂ ಒಂದೇ ಬಣ್ಣದ ಸ್ಲೀವು ಏರಿಸಿದ ಕೂಡಲೇ ಈ ಗುರುತು ಅಳಿಸಿಹೋಗುತ್ತದೆ. ಅದಕ್ಕೇ ಒಂದು ವೈರು ತೆಗೆ, ಸ್ಲೀವು ಏರಿಸು, ಅದೇ ಮನೆಗೆ ಸೇರಿಸು, ಆಮೇಲೆ ಇನ್ನೊಂದಕ್ಕೆ ಕೈಹಾಕು ಎಂದು ಕಲಿಯಲು ಬರುವ ಹುಡುಗರಿಗೆ ಹೇಳುತ್ತೇನೆ. ಮೊದಲು ಎರಡೂ ಕಡೆಯಿಂದ ಫೋಟೋ. ಪಿನ್ನಿಗೆ ಎರಡು ಸಣ್ಣ ಕಿವಿಗಳಿರುತ್ತವೆ, ಅವನ್ನು ಒತ್ತಿದರೆ ಹೊರಬರುತ್ತದೆ. ಅದಕ್ಕೆಂದೇ ಸಾಧನ ಸಿಗುತ್ತದೆ, ಇಲ್ಲದಿದ್ದರೆ ಎರಡು ಸ್ಟೇಪ್ಲರ್ ಪಿನ್ನು ಸಾಕು. ಮತ್ತೆ ಸೇರಿಸುವ ಮುನ್ನ ಕಿವಿಗಳನ್ನು ಚೂರು ಅಗಲಿಸಬೇಕು. ‘ಟಿಕ್’ ಅಂದ ಮೇಲೂ ಒಮ್ಮೆ ಎಳೆದು ನೋಡಬೇಕು. ಕೆಲವು ಮನೆಗಳಲ್ಲಿ ಒಂದೇ ಪಿನ್ನಿಗೆ ಎರಡು ವೈರು ಸೇರಿರುತ್ತವೆ, ಮೊದಲ ಸಲ ಮಾಡುವವರು ತಲೆ ಕೆರೆದುಕೊಳ್ಳುವುದು ಅಲ್ಲೇ.

ಜಾಲರಿಯಂಥ ಸ್ಲೀವು ಅಗಲವಾದಷ್ಟೂ ಉದ್ದ ಕುಗ್ಗುತ್ತದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಕತ್ತರಿಸಿಕೊಳ್ಳಬೇಕು. ತುದಿಗೆ ಹೀಟ್ ಶ್ರಿಂಕ್, ಅಂದರೆ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ. ಬೂಟಿನ ಲೇಸಿನ ತುದಿಯ ಪ್ಲಾಸ್ಟಿಕ್ಕಿನಂತೆ ಅದು ಎಳೆ ಬಿಚ್ಚಿಕೊಳ್ಳದ ಹಾಗೆ ಹಿಡಿದಿಡುತ್ತದೆ. ಲೈಟರಿನಲ್ಲಿ ಕಾಯಿಸುವುದಾದರೆ ಜ್ವಾಲೆಯ ಕೆಳಗಿನ ನೀಲಿ ಭಾಗ ಮಾತ್ರ, ಹಳದಿ ತಾಗಿದರೆ ಮಸಿ. ಜ್ವಾಲೆ ಅಲುಗಬಾರದು, ಹಾಗಾಗಿ ಸೀಲಿಂಗ್ ಫ್ಯಾನ್ ಆರಿಸಬೇಕು. ಮೇ ತಿಂಗಳ ಬಳ್ಳಾರಿಯಲ್ಲಿ ಈ ಕಸುಬಿನ ಅತಿ ಕಷ್ಟದ ಭಾಗ ಇದೇ.

ಎಸ್‌ಎಂಪಿಎಸ್ ಡಬ್ಬಿಯನ್ನೇ ಬಿಚ್ಚಿ ಬುಡದಿಂದ ಸ್ಲೀವು ಹಾಕಿ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿನ ಮೇಲೆ ಉಳಿದಿರಬಹುದು.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ. ಬಿಡಿ ಕೇಬಲ್ ಸಿಕ್ಕಿಸುವ ಮಾಡ್ಯುಲರ್ ಎಸ್‌ಎಂಪಿಎಸ್ ಹೊಸದಾಗಿ ಕೈಗೆ ಬಂದ ದಿನಗಳು. ಹಳೆಯದು ಕೆಟ್ಟಿತ್ತು, ಅದರ ಕೇಬಲ್ ಚೆನ್ನಾಗಿತ್ತು. ಕ್ಯಾಬಿನೆಟ್ಟಿನ ಹಿಂದೆ ನೀಟಾಗಿ ಕಟ್ಟಿದ್ದನ್ನು ಬಿಚ್ಚಲು ಬೇಸರವಾಗಿ ಅದನ್ನೇ ಹೊಸದಕ್ಕೆ ಸಿಕ್ಕಿಸಿದೆ. ಸರಿಯಾಗಿ ಕೂತಿತು. ಸ್ವಿಚ್ ಹಾಕಿದ ಕ್ಷಣಕ್ಕೆ ಸುಟ್ಟ ವಾಸನೆ, ಎರಡು ಹಾರ್ಡ್ ಡಿಸ್ಕ್ ಹೋದವು, ಒಂದರಲ್ಲಿ ಗಿರಾಕಿಯ ಲೆಕ್ಕಪತ್ರವಿತ್ತು. ಡಿಸ್ಕಿನ ಕಡೆಯ ಕನೆಕ್ಟರಿಗೆ ಒಂದೇ ನಿಯಮವಿದೆ, ಎಸ್‌ಎಂಪಿಎಸ್ ಕಡೆಯದ್ದಕ್ಕೆ ಇಲ್ಲ. ಯಾವ ಮನೆಯಲ್ಲಿ ಯಾವ ವೋಲ್ಟು ಎಂಬುದು ಕಂಪನಿಗೊಂದು ತರಹ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾಡೆಲ್ಲಿಗೂ ಬೇರೆ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿತ್ತು. ಡಿಸ್ಕಿನ ದುಡ್ಡು ನನ್ನ ಜೇಬಿನಿಂದ ಕೊಟ್ಟೆ, ಲೆಕ್ಕಪತ್ರ ಕೊಡಲಾಗಲಿಲ್ಲ. ಅಂದಿನಿಂದ ಎಸ್‌ಎಂಪಿಎಸ್ ಬದಲಾದರೆ ಅದರ ಕೇಬಲ್ಲೂ ಬದಲು.

ಅದಕ್ಕೇ ಹುಡುಗನಿಗೆ ಎಕ್ಸ್‌ಟೆನ್ಶನ್ ಕೇಬಲ್ ಹಾಕಿದೆ. ಮೂಲ ಕೇಬಲ್ಲಿನ ತುದಿಗೆ ಜೋಡಿಸುವ, ಮೊದಲೇ ಸ್ಲೀವು ಏರಿಸಿದ ಸುಮಾರು 30 ಸೆಂ.ಮೀ. ತುಂಡು ಅದು. ಎರಡು ತುದಿಯೂ ಒಂದೇ ನಿಯಮದ್ದು. ಸರಿಯಾದ ದಪ್ಪದ ವೈರಿನದಾದರೆ ತೊಂದರೆಯಿಲ್ಲ. ಅವನ ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಹಾಕಲಿಲ್ಲ. ಅದು ಹೊಸ ಬಗೆಯದು, ಒಂದೇ ಕನೆಕ್ಟರಿನಲ್ಲಿ 600 ವ್ಯಾಟ್ ತನಕ, ಅಂದರೆ 12 ವೋಲ್ಟಿನಲ್ಲಿ 50 ಆಂಪಿಯರ್. ಅಲ್ಲಿ ಇನ್ನೊಂದು ಜೋಡಣೆ ಸೇರಿಸುವುದು ನನಗೆ ಸರಿಬರಲಿಲ್ಲ. ಕನೆಕ್ಟರ್ ಪೂರ್ತಿ ಕೂರಬೇಕು, ಅಲ್ಲಿಂದ 35 ಮಿ.ಮೀ. ತನಕ ವೈರನ್ನು ಬಗ್ಗಿಸಬಾರದು. ಅಂದಕ್ಕೋಸ್ಕರ ಬುಡದಲ್ಲೇ ಮಡಿಸಿದರೆ ಪಿನ್ನು ಓರೆಯಾಗಿ ಕಾದು ಪ್ಲಾಸ್ಟಿಕ್ ಕರಗಬಹುದು.

ತಂದೆಯ ಯಂತ್ರಕ್ಕೆ ಸ್ಲೀವೇ ಬೇಡವೆಂದೆ. ಆ ಜಾಲರಿಗೆ ಡೆನಿಮ್ ಎಳೆ ಒಮ್ಮೆ ಕಚ್ಚಿಕೊಂಡರೆ ಬ್ಲೋವರಿಗೂ ಬಗ್ಗುವುದಿಲ್ಲ. ನಯವಾದ ಚಪ್ಪಟೆ ಕೇಬಲ್ ಆದರೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ವೈರುಗಳನ್ನು ಹಿಂದೆ ಸಾಗಿಸಿ ವೆಲ್ಕ್ರೋ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿದೆ. ಪ್ಲಾಸ್ಟಿಕ್ ಟೈ ಬಳಸಲಿಲ್ಲ. ಬಿಗಿದರೆ ವೈರಿನ ಸಿಪ್ಪೆ ಒತ್ತಿಹೋಗುತ್ತದೆ, ಕತ್ತರಿಸಿದ ತುದಿ ಬ್ಲೇಡಿನಂತೆ ಕೈ ಕೊಯ್ಯುತ್ತದೆ. ನನ್ನ ಬಲಗೈ ಗೆಣ್ಣುಗಳೇ ಸಾಕ್ಷಿ.

ಮೊನ್ನೆ ಅದೇ ಯಂತ್ರ ಮತ್ತೆ ಕಟ್ಟೆಗೆ ಬಂತು. ನೀಲಿ ಅರಳೆ ಇತ್ತು, ಆದರೆ ಫಿಲ್ಟರಿನ ಮೇಲೆ ಮತ್ತು ತಳದಲ್ಲಿ ಮಾತ್ರ. ಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಕೆಲಸ ಚಹಾ ಬರುವಷ್ಟರಲ್ಲಿ ಮುಗಿಯಿತು. ಮಾಲೀಕರು ಬಗ್ಗಿ ಹಿಂಬದಿಯ ಬಾಗಿಲನ್ನೂ ತೆಗೆಸಿ ನೋಡಿ, ‘ಈ ಕಡೆ ಹೊಲಿಗೆ ಸ್ವಲ್ಪ ಸೊಟ್ಟ ಐತಲ್ಲಪ್ಪಾ’ ಅಂದರು. ಐತೆ. ಎರಡು ವೈರು ಉದ್ದ ಸಾಲದೆ ಅಡ್ಡ ಎಳೆದಿದ್ದೆ.