ದಾಖಲಾತಿ: ಒಳಬಂದ ಮಕ್ಕಳ ಲೆಕ್ಕ

ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ದಾವಣಗೆರೆ, ಚಿತ್ರದುರ್ಗದ ಕರಪತ್ರ, ಫ್ಲೆಕ್ಸು, ಪತ್ರಿಕಾ ಹೇಳಿಕೆಗಳಲ್ಲಿ ‘ದಾಖಲಾತಿ’ ಎಂಬ ಪದ ಎರಡು ರೀತಿ ಕೆಡುತ್ತದೆ. ಒಂದು, ‘ಅಗತ್ಯ ದಾಖಲಾತಿಗಳೊಂದಿಗೆ ಶಾಲೆಗೆ ಬನ್ನಿ’. ಇನ್ನೊಂದು, ‘ದಾಖಲಾತಿ ಹೆಚ್ಚಿರುವುದೇ ಶಾಲೆಯ ಗುಣಮಟ್ಟಕ್ಕೆ ಸಾಕ್ಷಿ’.

ಮೊದಲನೆಯದು ಬರೀ ಪದದ ತಪ್ಪು. ತರಬೇಕಾದದ್ದು ಜನನ ಪ್ರಮಾಣಪತ್ರ, ಆಧಾರ್, ಜಾತಿ ಪ್ರಮಾಣಪತ್ರ, ಇವು ದಾಖಲೆಗಳು. ದಾಖಲಾತಿ ಎಂದರೆ ಸೇರಿಸಿಕೊಳ್ಳುವ ಕೆಲಸ, ಸೇರಿದವರ ಸಂಖ್ಯೆ. ಇದನ್ನು ಇಲ್ಲಿಗೇ ಬಿಡೋಣ. ಎರಡನೆಯದನ್ನು ಹಾಗೆ ಬಿಡಲಾಗದು, ಅದರಿಂದ ಮಕ್ಕಳ ಲೆಕ್ಕವೇ ತಪ್ಪುತ್ತದೆ.

ಪದದ ಬೇರು ಅರಬ್ಬಿಯ ‘ದಖಲ’, ಒಳಹೊಕ್ಕ ಎಂದು ಅರ್ಥ. ‘ದಾಖಿಲ್’ ಎಂದರೆ ಒಳಹೊಗುವವನು. ಪಾರಸಿ ದಫ್ತರಗಳ ಮೂಲಕ ಅದು ನಮ್ಮ ಕಡೆಗೆ ಬಂತು. ದುರ್ಗದ ಸೀಮೆಗೆ ಆ ಭಾಷೆ ಹೊಸತೇನಲ್ಲ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಅದಕ್ಕೆ ಮೊದಲೂ ಆಮೇಲೂ ದಫ್ತರ, ಹುಜೂರು, ಜಮಾಬಂದಿ, ತಹಶೀಲ್ದಾರ ಎಂದು ಆಡಳಿತದ ಮಾತೆಲ್ಲ ಕನ್ನಡಕ್ಕೆ ಇಳಿದದ್ದು ಆ ದಾರಿಯಲ್ಲೇ. ಆಸ್ಪತ್ರೆಗೆ ದಾಖಲು, ಠಾಣೆಯಲ್ಲಿ ದೂರು ದಾಖಲು, ದಾಖಲೆ ಮಳೆ: ಮೂರರಲ್ಲೂ ಏನೋ ಒಂದು ಒಳಗೆ ಹೋಗುತ್ತದೆ. ರೋಗಿ ವಾರ್ಡಿಗೆ, ದೂರು ಪುಸ್ತಕಕ್ಕೆ, ಮಳೆಯ ಅಂಕಿ ಪಟ್ಟಿಗೆ. ಒಳಗೆ ಹೋದ ಮೇಲೆ ಏನಾಯಿತು ಎಂಬುದನ್ನು ಪದ ಹೇಳುವುದಿಲ್ಲ. ಆಸ್ಪತ್ರೆಗೆ ಹೆಚ್ಚು ಜನ ದಾಖಲಾದರೆ ಹೆಚ್ಚು ಜನ ಗುಣವಾದರು ಎಂದು ಯಾರೂ ಹೇಳುವುದಿಲ್ಲ. ಶಾಲೆಯ ವಿಷಯದಲ್ಲಿ ಮಾತ್ರ ಧಾರಾಳವಾಗಿ ಹೇಳುತ್ತಾರೆ.

ಈ ಪದಕ್ಕೆ ಒಂದು ಜೋಡಿಯೂ ಇತ್ತು, ‘ಖಾರಿಜ್’. ಹೊರಗಿನದು, ಹೊರಹೋದದ್ದು ಎಂದು ಅರ್ಥ. ಉತ್ತರ ಭಾರತದ ಕಂದಾಯ ಕಚೇರಿಗಳಲ್ಲಿ ಖಾತೆ ಬದಲಾವಣೆಗೆ ಇಂದಿಗೂ ‘ದಾಖಿಲ್–ಖಾರಿಜ್’ ಎನ್ನುತ್ತಾರೆ: ಹೊಸಬರ ಹೆಸರು ಒಳಗೆ, ಹಳಬರದು ಹೊರಗೆ. ನಮ್ಮ ಶಾಲೆಗಳ ಮಾತಿಗೆ ಬಂದದ್ದು ಮೊದಲರ್ಧ ಮಾತ್ರ. ಹೊರಹೋಗುವುದಕ್ಕೆ ಟಿಸಿ ಇದೆ, ಆದರೆ ಅದು ಕೇಳಿ ಪಡೆದವರಿಗೆ. ಕೇಳದೆ ಹೋದ ಮಗುವಿನ ಹೆಸರು ವಹಿಯಲ್ಲೇ ಉಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಒಮ್ಮೆ ಸೇರಿದ ಮಗುವನ್ನು ಎಂಟನೇ ತರಗತಿವರೆಗಿನ ಶಿಕ್ಷಣ ಮುಗಿಯುವ ಮೊದಲು ಹೊರಹಾಕುವಂತೆಯೂ ಇಲ್ಲ. ಇದು ಒಳ್ಳೆಯ ಕಾನೂನು, ಮಗು ಯಾವತ್ತು ಬಂದರೂ ಬೆಂಚು ಅದರದ್ದೇ. ಆದರೆ ಇದೇ ಕಾರಣಕ್ಕೆ ದಾಖಲಾತಿಯ ಅಂಕಿಯನ್ನು ಶಾಲೆಯಲ್ಲಿ ಕೂತಿರುವ ಮಕ್ಕಳ ಅಂಕಿ ಎಂದು ಓದಬಾರದು.

ಕೂತಿರುವವರ ಲೆಕ್ಕಕ್ಕೆ ಹಾಜರಾತಿ ಇದೆ, ಮಧ್ಯಾಹ್ನ ಬಿಸಿಯೂಟದ ಪುಸ್ತಕವಿದೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ನಿಜ ಸ್ಥಿತಿ ತಿಳಿಯಲು ದಾಖಲಾತಿಯೂ ಸೇರಿ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಜೂನ್‌ನಲ್ಲಿ ಮೂರೂ ಹತ್ತಿರವಿರುತ್ತವೆ. ಸುಗ್ಗಿ ಮುಗಿದು ಜಗಳೂರು, ಹೊಳಲ್ಕೆರೆ, ಹೊಸದುರ್ಗದ ತಾಂಡಾಗಳಿಂದ ಕುಟುಂಬಗಳು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹಣ್ಣು ಬಿಡಿಸಲು, ಬೇರೆ ಸೀಮೆಗೆ ಕಬ್ಬು ಕಡಿಯಲು ಹೊರಟಾಗ ದಾಖಲಾತಿ ಅಲುಗುವುದಿಲ್ಲ, ಹಾಜರಾತಿ ಕುಸಿಯುತ್ತದೆ. ಚಳ್ಳಕೆರೆ, ಹಿರಿಯೂರು ಕಡೆ ಕುರಿ ಹಿಂಡಿನ ಜೊತೆ ಹೋಗುವ ಮನೆಗಳ ಮಕ್ಕಳದ್ದೂ ಇದೇ ಕಥೆ. ಆರನೇ ತರಗತಿ ಮುಟ್ಟಿದ ಮಗು ತಮ್ಮ ತಂಗಿಯರನ್ನು ನೋಡಿಕೊಳ್ಳುವ ವಯಸ್ಸಿನದ್ದು. ಅದಕ್ಕೇ ತಪ್ಪಿಹೋಗುವವರು ಹೆಚ್ಚಾಗಿ ಈ ಹಂತದವರು.

ಇನ್ನು ದಾಖಲಾತಿ ಯಾರದ್ದು ಎಂಬ ಪ್ರಶ್ನೆ. ಅಂಕಿಯನ್ನು ಜಾತಿ ವರ್ಗ, ಲಿಂಗ, ಮಾಧ್ಯಮ, ಅಂಗವೈಕಲ್ಯ ಎಂದು ಬಿಡಿಸಿ ಬರೆಯುವುದು ಇಲಾಖೆಯ ಕ್ರಮ. ಕಾನ್ವೆಂಟಿಗೆ ಕಟ್ಟಲು ಆಗುವವರು ಕಟ್ಟಿ ಹೋದ ಮೇಲೆ ಸರ್ಕಾರಿ ಶಾಲೆಯಲ್ಲಿ ಉಳಿಯುವವರಲ್ಲಿ ಕೂಲಿ, ಹಮಾಲಿ ಮನೆಗಳ ಮಕ್ಕಳೇ ಹೆಚ್ಚು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಪುಸ್ತಕ ಕನ್ನಡದ್ದು. ಇದನ್ನು ಬದಿಗಿಟ್ಟು ಎರಡು ಶಾಲೆಗಳ ಅಂಕ ಹೋಲಿಸುವುದು ಅನ್ಯಾಯ. ಮಗು ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತು ಎಂದು ನೋಡಿದರೆ ಮಾತ್ರ ಮೇಷ್ಟರ ಕೆಲಸ ಕಾಣುತ್ತದೆ.

ಜಿಲ್ಲೆಯ ಮಟ್ಟದಲ್ಲಿ ಗೊಂದಲ ಇನ್ನೂ ದೊಡ್ಡದು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಆಗ ಬಳ್ಳಾರಿಯಿಂದ ಬಂದ ಹರಪನಹಳ್ಳಿ ಮುಂದೆ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಡೀ ತಾಲ್ಲೂಕು ಆಚೆ ಹೋದದ್ದನ್ನು ಮರೆತು ಹಳೆಯ, ಹೊಸ ಅಂಕಿ ಇಟ್ಟು ‘ಜಿಲ್ಲೆಯಲ್ಲಿ ದಾಖಲಾತಿ ಇಳಿಮುಖ’ ಎಂದು ಬರೆದರೆ ಅದು ಗಡಿಯ ಸುದ್ದಿ, ಶಾಲೆಯದ್ದಲ್ಲ. ‘ಒಟ್ಟು ದಾಖಲಾತಿ ಪ್ರಮಾಣ’ ನೂರನ್ನು ದಾಟಿದರೂ ಗಾಬರಿ ಬೇಡ. ಆ ಹಂತದಲ್ಲಿ ಓದುತ್ತಿರುವ ಎಲ್ಲ ವಯಸ್ಸಿನ ಮಕ್ಕಳನ್ನು, ಆ ಹಂತಕ್ಕೆ ತಕ್ಕ ವಯಸ್ಸಿನ ಮಕ್ಕಳ ಸಂಖ್ಯೆಯಿಂದ ಭಾಗಿಸಿ ಅದನ್ನು ತೆಗೆಯುತ್ತಾರೆ. ತಡವಾಗಿ ಸೇರಿದವರು ಹೆಚ್ಚಿದ್ದರೆ ನೂರು ದಾಟುತ್ತದೆ.

ಫಲಿತಾಂಶಕ್ಕೂ ದಾಖಲಾತಿಗೂ ಗಂಟು ಬೀಳುವುದು ಎಸ್ಸೆಸ್ಸೆಲ್ಸಿಯಲ್ಲಿ. 2023ರಲ್ಲಿ ಚಿತ್ರದುರ್ಗ ಶೇ. 96.80 ಪಡೆದು ರಾಜ್ಯಕ್ಕೇ ಮೊದಲಾಯಿತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ, ಬಂತು, ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಜಿಲ್ಲೆ ಇಪ್ಪತ್ತನೇ ಸ್ಥಾನದಾಚೆ ಜಾರಿತು. ಈ ಎರಡು ವರ್ಷದ ಬಗ್ಗೆ ನಡೆದ ವಾದಗಳಲ್ಲಿ ಒಂದು ಮಾತು ತಪ್ಪಿಹೋಯಿತು. ಆ ಶೇಕಡಾವಾರು ಪರೀಕ್ಷೆ ಬರೆದವರ ಮೇಲಿನದು. ನಾಲ್ಕು ವರ್ಷ ಹಿಂದೆ ಆರಕ್ಕೆ ದಾಖಲಾಗಿ ಏಳರಲ್ಲೋ ಎಂಟರಲ್ಲೋ ಬಿಟ್ಟ ಮಗು ಪಾಸೂ ಅಲ್ಲ, ಫೇಲೂ ಅಲ್ಲ. ಆ ಪಟ್ಟಿಯಲ್ಲೇ ಇಲ್ಲ. ನಮ್ಮಲ್ಲಿ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ, ಎಂಟಕ್ಕೆ ಬೇರೆ ಊರಿನ ಹೈಸ್ಕೂಲಿಗೆ ಹೋಗಬೇಕು. ಟಿಸಿ ಒಯ್ದ ಮಗು ಅಲ್ಲಿ ತಲುಪಿತೇ ಎಂಬುದನ್ನು ಈ ಶಾಲೆಯ ದಾಖಲಾತಿಯೂ ಹೇಳದು, ಆ ಶಾಲೆಯ ಫಲಿತಾಂಶವೂ ಹೇಳದು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ‘ಈ ವರ್ಷ ದಾಖಲಾತಿ ಎಷ್ಟು?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಅದರ ಜೊತೆಗೆ ಕಳೆದ ವರ್ಷದ ಆರನೇ ತರಗತಿಯ ಹೆಸರುಗಳನ್ನು ಈ ವರ್ಷದ ಏಳರ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು, ಟಿಸಿ ಪಡೆದವರನ್ನು ಕಳೆದು, ಉಳಿದ ಹೆಸರುಗಳ ಮನೆ ಯಾವುದು ಎಂದು ಪೋಷಕರು ಕೇಳಲಿ. ಆ ಮನೆಗಳಿಗೆ ಹೋಗಬೇಕಾದದ್ದು ಜೂನ್‌ನಲ್ಲಲ್ಲ, ಕಾಫಿ ಹಣ್ಣಾಗುವ ನವೆಂಬರ್‌ಗೆ ಮೊದಲು.