ಆಕ್ಯುಪೇಷನಲ್ ಥೆರಪಿಗೆ ಡಾಕ್ಟರೇಟ್ ಬೇಕೇ ಬೇಕೇ?

ಪ್ರಶ್ನೆ: ಅಮೆರಿಕದಲ್ಲಿ ಆಕ್ಯುಪೇಷನಲ್ ಥೆರಪಿ, ಅಂದರೆ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ, ಓದಬೇಕೆಂದಿದ್ದೇನೆ. ಇನ್ನು ಮುಂದೆ ಡಾಕ್ಟರೇಟ್ ಇಲ್ಲದವರಿಗೆ ಈ ವೃತ್ತಿಯಲ್ಲಿ ಜಾಗವಿಲ್ಲ ಎನ್ನುತ್ತಾರೆ. ಮಾಸ್ಟರ್ಸ್ ಬಿಟ್ಟು ನೇರವಾಗಿ ಡಾಕ್ಟರೇಟ್‌ಗೆ ಸೇರಲೇ?

ಉತ್ತರ: ಜಾಗವಿದೆ. ನೀವು ಕೇಳಿರುವುದು ಹಳೆಯ ಸುದ್ದಿ. ಅದು ಹುಟ್ಟಿದ್ದು ಸುಳ್ಳಿನಿಂದಲ್ಲವಾದರೂ ಈಗ ಅದು ನಿಜವಲ್ಲ.

ಅಮೆರಿಕದಲ್ಲಿ ಈ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎಸಿಒಟಿಇ. 2027ರ ಜುಲೈನಿಂದ ಥೆರಪಿಸ್ಟ್ ಆಗಲು ಡಾಕ್ಟರೇಟ್ ಮಟ್ಟದ ಪದವಿಯೇ ಬೇಕೆಂದು ಅದು 2017ರ ಆಗಸ್ಟ್‌ನಲ್ಲಿ ಘೋಷಿಸಿತ್ತು. ಫಿಸಿಯೋಥೆರಪಿಯವರು ಅಷ್ಟರಲ್ಲಿ ಅದೇ ದಾರಿ ಹಿಡಿದಾಗಿತ್ತು. ಅಲ್ಲಿ ಈಗ ಡಿಪಿಟಿ ಎಂಬ ಡಾಕ್ಟರೇಟ್ ಇಲ್ಲದೆ ಹೊಸಬರಿಗೆ ಪ್ರವೇಶವಿಲ್ಲ. ಆದರೆ ಆಕ್ಯುಪೇಷನಲ್ ಥೆರಪಿಸ್ಟರಲ್ಲಿ ಈ ಘೋಷಣೆಗೆ ಜೋರಾದ ವಿರೋಧ ಎದ್ದಿತು. ವಿದ್ಯಾರ್ಥಿಗಳ ಸಾಲ ಹೆಚ್ಚುತ್ತದೆ, ಪಾಠ ಹೇಳಲು ಸಾಕಷ್ಟು ಡಾಕ್ಟರೇಟ್ ಪಡೆದವರಿಲ್ಲ, ಬಡ ಕುಟುಂಬಗಳ ಮಕ್ಕಳು ಈ ಕಡೆ ಬರುವುದನ್ನೇ ಬಿಡುತ್ತಾರೆ ಎಂಬ ಆಕ್ಷೇಪಗಳು ಬಂದವು. ಎಸಿಒಟಿಇ ಆದೇಶವನ್ನು ತಡೆಹಿಡಿಯಿತು. 2019ರಲ್ಲಿ ವೃತ್ತಿಯ ರಾಷ್ಟ್ರೀಯ ಸಂಘದ ಪ್ರತಿನಿಧಿ ಸಭೆ ಎರಡೂ ಬಾಗಿಲು ತೆರೆದಿರಲಿ ಎಂದು ನಿರ್ಧರಿಸಿತು. ಹೀಗಾಗಿ ಮಾಸ್ಟರ್ಸ್ ಮಾಡಿದವರೂ ಥೆರಪಿಸ್ಟ್ ಆಗಬಹುದು, ಒಟಿಡಿ ಎಂಬ ಡಾಕ್ಟರೇಟ್ ಮಾಡಿದವರೂ ಆಗಬಹುದು.

ಇಬ್ಬರೂ ಬರೆಯುವ ಪರೀಕ್ಷೆ ಒಂದೇ: ಎನ್‌ಬಿಸಿಒಟಿ ನಡೆಸುವ ರಾಷ್ಟ್ರೀಯ ಪರೀಕ್ಷೆ. ಇಬ್ಬರಿಗೂ ರಾಜ್ಯ ಕೊಡುವ ಪರವಾನಗಿ ಒಂದೇ. ಪಾರ್ಶ್ವವಾಯು ಹೊಡೆದವರಿಗೆ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವಾಗ ಒಟಿಡಿ ಪದವೀಧರರಿಗೆ ಕಾನೂನಿನಲ್ಲಿ ಹೆಚ್ಚಿನ ಅಧಿಕಾರವೇನೂ ಇಲ್ಲ. ವಿಮಾ ಕಂಪನಿ ಕೂಡ ಹಣ ಕೊಡುವುದು ಕೊಟ್ಟ ಚಿಕಿತ್ಸೆಗೆ; ಹೆಸರಿನ ಮುಂದಿನ 'ಡಾಕ್ಟರ್' ನೋಡಿ ಅದು ದರ ಏರಿಸುವುದಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಈ ವೃತ್ತಿಯ ಮಧ್ಯಮ ವಾರ್ಷಿಕ ವೇತನ 96,370 ಡಾಲರ್. ಆ ಲೆಕ್ಕದಲ್ಲಿ ಎರಡೂ ಪದವಿಯವರು ಒಟ್ಟಿಗೇ ಇದ್ದಾರೆ. 'ಡಾಕ್ಟರೇಟ್ ಇದ್ದರೆ ಸಂಬಳ ಜಾಸ್ತಿ' ಎಂದು ಕಾಲೇಜಿನ ಪ್ರಚಾರಪತ್ರ ಹೇಳಿದರೆ, ಯಾವ ಹುದ್ದೆಗೆ, ಎಷ್ಟು ಜಾಸ್ತಿ ಎಂದು ತಿರುಗಿ ಕೇಳಿ.

ಹಾಗಾದರೆ ಆ ಹೆಚ್ಚಿನ ಓದಿನಲ್ಲಿ ಇರುವುದೇನು? ಮಾಸ್ಟರ್ಸ್ ಸುಮಾರು ಎರಡರಿಂದ ಎರಡೂವರೆ ವರ್ಷ, ಒಟಿಡಿ ಸುಮಾರು ಮೂರು ವರ್ಷ. ಆಸ್ಪತ್ರೆ, ಶಾಲೆ, ಪುನರ್ವಸತಿ ಕೇಂದ್ರಗಳಲ್ಲಿ ಕನಿಷ್ಠ 24 ವಾರಗಳ ಪೂರ್ಣಾವಧಿ ಕ್ಷೇತ್ರ ತರಬೇತಿ ಎರಡಕ್ಕೂ ಕಡ್ಡಾಯ. ಒಟಿಡಿಯಲ್ಲಿ ಅದರ ಮೇಲೆ ಕ್ಯಾಪ್‌ಸ್ಟೋನ್ ಎಂಬ 14 ವಾರಗಳ, ಅಂದರೆ 560 ಗಂಟೆಗಳ ಸ್ವಂತ ಯೋಜನೆ ಇರುತ್ತದೆ. ಪಾಠ ಮತ್ತು ಕ್ಷೇತ್ರ ತರಬೇತಿ ಮುಗಿದ ಮೇಲೆಯೇ ಇದು ಶುರುವಾಗುತ್ತದೆ. ಚಿಕಿತ್ಸಾ ಕೌಶಲ, ಸಂಶೋಧನೆ, ಆಡಳಿತ, ಬೋಧನೆ, ನೀತಿ ರೂಪಣೆ, ಹಕ್ಕುಗಳ ಪರ ದನಿ ಎತ್ತುವ ಕೆಲಸ, ಹೀಗೆ ನಿಗದಿತ ಕ್ಷೇತ್ರಗಳಲ್ಲಿ ನಿಮಗೆ ಬೇಕಾದುದನ್ನು ಆರಿಸಿಕೊಂಡು ಆಳಕ್ಕಿಳಿಯಬೇಕು.

ನನ್ನ ಮಟ್ಟಿಗೆ ತೀರ್ಮಾನವೆಲ್ಲ ಈ 14 ವಾರಗಳ ಮೇಲೆಯೇ ನಿಂತಿದೆ. ಒಬ್ಬಂಟಿ ವೃದ್ಧರು ಮನೆಯಲ್ಲಿ ಬೀಳದಂತೆ ನೋಡಿಕೊಳ್ಳುವ ಕಾರ್ಯಕ್ರಮವೊಂದನ್ನು ಊರಿನ ಸಮುದಾಯ ಕೇಂದ್ರದಲ್ಲಿ ಹೊಸದಾಗಿ ಕಟ್ಟಬೇಕೆಂದು ಒಬ್ಬ ವಿದ್ಯಾರ್ಥಿನಿಗೆ ಆಸೆಯಿದೆ ಎಂದುಕೊಳ್ಳಿ. ಯಾರಿಗೆ ಅಗತ್ಯವಿದೆ ಎಂದು ಅಳೆಯುವುದು, ಕೇಂದ್ರದವರನ್ನು ಒಪ್ಪಿಸುವುದು, ಖರ್ಚಿನ ಲೆಕ್ಕ ಹಾಕುವುದು, ಕೊನೆಗೆ ಅದರಿಂದ ಉಪಯೋಗವಾಯಿತೇ ಎಂದು ಪುರಾವೆ ಸಮೇತ ತೋರಿಸುವುದು, ಇಷ್ಟನ್ನೂ ಅನುಭವಿಗಳ ಮಾರ್ಗದರ್ಶನದಲ್ಲಿ ಮಾಡುವ ಅವಕಾಶ ಕೆಲಸಕ್ಕೆ ಸೇರಿದ ಮೇಲೆ ಸುಲಭಕ್ಕೆ ಸಿಗುವುದಿಲ್ಲ. ಅಂಥ ಆಸೆ ಇರುವವರಿಗೆ ಒಟಿಡಿ ಸಾರ್ಥಕ. ವಿಷಯ ಹೊಳೆಯದೆ, ಕಾಲೇಜು ಹೊಂದಿಸಿಕೊಟ್ಟ ಜಾಗದಲ್ಲಿ ಗಂಟೆ ಎಣಿಸಿ ಮುಗಿಸುವವರಿಗೆ ಅದು ಇನ್ನೊಂದು ದುಬಾರಿ ಸೆಮಿಸ್ಟರ್, ಅಷ್ಟೇ. ಅರ್ಜಿ ಹಾಕುವ ಮೊದಲು ಆ ಕಾಲೇಜಿನ ಹಿಂದಿನ ವಿದ್ಯಾರ್ಥಿಗಳ ಕ್ಯಾಪ್‌ಸ್ಟೋನ್ ವಿಷಯಗಳ ಪಟ್ಟಿ ಕೇಳಿ ನೋಡಿ. ಪಟ್ಟಿ ಸಪ್ಪೆಯಾಗಿದ್ದರೆ ಕೋರ್ಸ್ ಕೂಡ ಹಾಗೆಯೇ ಇರುವ ಸಂಭವ ಹೆಚ್ಚು.

ಪಿಎಚ್‌ಡಿಯನ್ನು ಇದರೊಂದಿಗೆ ಬೆರೆಸಬೇಡಿ. ಒಟಿಡಿ ವೃತ್ತಿಪರ ಡಾಕ್ಟರೇಟ್, ಇರುವ ಜ್ಞಾನವನ್ನು ಕೆಲಸಕ್ಕೆ ಹಚ್ಚುವವರದು. ಪಾರ್ಶ್ವವಾಯುವಿನ ನಂತರ ಕೈಗೆ ದಿನಕ್ಕೆ ಎಷ್ಟು ಗಂಟೆ ಅಭ್ಯಾಸ ಕೊಟ್ಟರೆ ಗುಣ ಕಾಣುತ್ತದೆ ಎಂಬಂಥ, ಉತ್ತರ ಇನ್ನೂ ಗಟ್ಟಿಯಾಗದ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ನಿಮ್ಮ ದಾರಿ ಪಿಎಚ್‌ಡಿ. ನಾಲ್ಕರಿಂದ ಆರು ವರ್ಷ ಹಿಡಿಯುತ್ತದೆ, ಪ್ರಬಂಧ ಬರೆಯಬೇಕು. ಆದರೆ ಸಂಶೋಧನೆಗೆ ಹೆಸರಾದ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ವಿನಾಯಿತಿ, ತಿಂಗಳ ಭತ್ಯೆ ಸಿಗುವುದುಂಟು. ಒಟಿಡಿಯವರು ಬಹುತೇಕ ತಮ್ಮ ಜೇಬಿನಿಂದಲೇ ಕಟ್ಟುತ್ತಾರೆ. ಮನುಷ್ಯರ ದಿನನಿತ್ಯದ ಚಟುವಟಿಕೆಗಳನ್ನೇ ಅಧ್ಯಯನದ ವಿಷಯವಾಗಿಸಿಕೊಂಡ 'ಆಕ್ಯುಪೇಷನಲ್ ಸೈನ್ಸ್' ಪಿಎಚ್‌ಡಿಯನ್ನು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1989ರಲ್ಲಿ ಆರಂಭಿಸಿತು. ಪಿಎಚ್‌ಡಿಯಲ್ಲಿ ಕಾಲೇಜಿನ ಹೆಸರಿಗಿಂತ ಮಾರ್ಗದರ್ಶಕರು ಮುಖ್ಯ. ಅವರ ಇತ್ತೀಚಿನ ಲೇಖನಗಳನ್ನು ಓದಿ, ಪತ್ರ ಬರೆದು, ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುತ್ತಾರೆಯೇ ಎಂದು ತಿಳಿದ ಮೇಲೆಯೇ ಅರ್ಜಿ ಹಾಕಿ.

ಪಾಠ ಹೇಳುವ ಆಸೆಯಿದ್ದರೆ ಸಾಮಾನ್ಯವಾಗಿ ಯಾವುದಾದರೊಂದು ಡಾಕ್ಟರೇಟ್ ಬೇಕಾಗುತ್ತದೆ. ಆದರೆ ಅದನ್ನು ಮೊದಲೇ ಮಾಡಬೇಕೆಂದಿಲ್ಲ. ಮಾಸ್ಟರ್ಸ್ ಮಾಡಿ, ಕೆಲವು ವರ್ಷ ರೋಗಿಗಳ ಜತೆ ಕೆಲಸ ಮಾಡಿ, ಆಮೇಲೆ ಕೆಲಸದಲ್ಲಿರುವವರಿಗಾಗಿಯೇ ಇರುವ ಒಟಿಡಿಯನ್ನು ಆನ್‌ಲೈನ್‌ನಲ್ಲಿ ಅರೆಕಾಲಿಕವಾಗಿ ಮುಗಿಸಬಹುದು. ನೀವು ಅನುಮಾನದಲ್ಲಿದ್ದರೆ ನನ್ನ ಸಲಹೆ ಇದೇ: ಮಾಸ್ಟರ್ಸ್‌ಗೆ ಸೇರಿ.

ಸಾಲದ ವಿಷಯ. 2025ರಲ್ಲಿ ಅಮೆರಿಕದ ಕಾಯ್ದೆ ಬದಲಾಗಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಓದಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ 'ಗ್ರಾಡ್ ಪ್ಲಸ್' ಎಂಬ ಸರ್ಕಾರಿ ಸಾಲವಿಲ್ಲ. ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್. 'ವೃತ್ತಿಪರ' ಎಂದು ಗುರುತಿಸಿದ ಪದವಿಗಳಿಗೆ ಮಾತ್ರ ಇದಕ್ಕಿಂತ ದೊಡ್ಡ ಮಿತಿ ಇದೆ. ನಿಮ್ಮ ಕೋರ್ಸ್ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಕಾಲೇಜಿನ ಹಣಕಾಸು ನೆರವಿನ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಈ ಮಿತಿಯ ಜತೆಗಿಟ್ಟು ನೋಡಿದಾಗ ಹೆಚ್ಚಿನ ಒಂದು ಸೆಮಿಸ್ಟರ್‌ನ ಶುಲ್ಕ ಸಣ್ಣ ಮಾತಲ್ಲ.

ಎಸಿಒಟಿಇ ಮಾನ್ಯತೆ ಕೊಡುವುದು ಪ್ರವೇಶ ಮಟ್ಟದ, ಅಂದರೆ ವೃತ್ತಿಗೆ ಹೊಸದಾಗಿ ಬರುವವರ ಕೋರ್ಸ್‌ಗಳಿಗೆ ಮಾತ್ರ. ಕೆಲಸದಲ್ಲಿರುವ ಥೆರಪಿಸ್ಟರಿಗಾಗಿ ಇರುವ ಒಟಿಡಿಗೆ ಆ ಮುದ್ರೆ ಇಲ್ಲದಿದ್ದರೆ ಗಾಬರಿ ಬೇಡ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ ಎಂದಷ್ಟೇ ನೋಡಿ. ಆದರೆ ನಿಮ್ಮಂಥ ಹೊಸಬರು ಸೇರುವ ಕೋರ್ಸ್ ಇನ್ನೂ 'ಅಭ್ಯರ್ಥಿ' ಹಂತದಲ್ಲಿದ್ದರೆ ಎಚ್ಚರ ಬೇಕು. ಅದಕ್ಕೆ ಪೂರ್ಣ ಮಾನ್ಯತೆ ಸಿಗದೆ ಹೋದರೆ ಪದವಿ ಕೈಯಲ್ಲಿದ್ದರೂ ರಾಷ್ಟ್ರೀಯ ಪರೀಕ್ಷೆಗೆ ಕೂರಲಾಗದು. ಬೇರೆ ದೇಶದಲ್ಲಿ ಓದಿ ಥೆರಪಿಸ್ಟ್ ಆದವರು ಅಮೆರಿಕಕ್ಕೆ ಬಂದು, ಕೆಲಸದಲ್ಲಿರುವವರಿಗಾಗಿ ಇರುವ ಒಟಿಡಿ ಮುಗಿಸಿದರೆ ಅದರಿಂದಲೇ ಪರೀಕ್ಷೆಯ ಅರ್ಹತೆ ಬರುವುದಿಲ್ಲ. ಎನ್‌ಬಿಸಿಒಟಿ ಅವರ ಮೂಲ ಪದವಿಯನ್ನು ಪ್ರತ್ಯೇಕವಾಗಿ ಪರಿಶೀಲಿಸುತ್ತದೆ, ಅದಕ್ಕೆ ಅರ್ಜಿಯೂ ಬೇರೆ.