ಮೇಲುಕೋಟೆಯಲ್ಲಿ ಹುಟ್ಟಿ ಮದರಾಸಿನಲ್ಲಿ ನಾಯಕಿಯಾದ ಜಯಲಲಿತಾ: ಸಿನಿಮಾ ವರ್ಷಗಳ ಟಿಪ್ಪಣಿ

ಕಳೆದ ವಾರ ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದಾಗ ನಮ್ಮ ಓದಿನ ಗುಂಪಿನಲ್ಲಿ ಒಂದು ಪ್ರಶ್ನೆ ಎದ್ದಿತು. ಇದೇ ಊರಲ್ಲಿ ಹುಟ್ಟಿದ ಜಯಲಲಿತಾ ಕನ್ನಡ ಸಿನಿಮಾದಲ್ಲಿ ಯಾಕೆ ಉಳಿಯಲಿಲ್ಲ? ತಮಿಳಿನವರು ಕರೆದುಕೊಂಡು ಹೋದರು ಅಂತ ಒಬ್ಬರು. ಅವರೇ ಕನ್ನಡ ಬಿಟ್ಟರು ಅಂತ ಇನ್ನೊಬ್ಬರು. ಪುಳಿಯೋಗರೆ ಪೊಟ್ಟಣ ಖಾಲಿಯಾಯಿತು, ವಾದ ಮುಗಿಯಲಿಲ್ಲ. ಮೈಸೂರಿಗೆ ವಾಪಸ್ ಬಂದು ಓದುತ್ತಾ ಹೋದಂತೆ ಎರಡೂ ಮಾತು ಸರಿಯಲ್ಲ ಅನ್ನಿಸಿತು. ಅವತ್ತು ಬರಲಾಗದವರಿಗೂ ಅನುಕೂಲವಾಗಲಿ ಅಂತ ಬರೆದಿಟ್ಟಿದ್ದೇನೆ.

ಹುಟ್ಟಿದ್ದು 1948ರ ಫೆಬ್ರವರಿ 24, ಮಂಡ್ಯ ಜಿಲ್ಲೆಯ ಮೇಲುಕೋಟೆ. ಅಯ್ಯಂಗಾರ್ ಮನೆತನ. ತಂದೆ ಜಯರಾಮ್ ವಕೀಲಿ ಓದಿದವರು, ಮಗಳು ತೀರಾ ಚಿಕ್ಕವಳಿದ್ದಾಗಲೇ ತೀರಿಕೊಂಡರು. ಮೈಸೂರಿನಲ್ಲಿ ಅವರ ಕುಟುಂಬಕ್ಕೆ ಜಯವಿಲಾಸ, ಲಲಿತವಿಲಾಸ ಎಂಬ ಎರಡು ಮನೆ ಇದ್ದವಂತೆ, ಅವೆರಡೂ ಸೇರಿ ಜಯಲಲಿತಾ ಆಯಿತು ಅನ್ನುತ್ತಾರೆ. ಮನೆಯಲ್ಲಿ ಇಟ್ಟ ಇನ್ನೊಂದು ಹೆಸರು ಕೋಮಳವಲ್ಲಿ, ಅದು ಅಜ್ಜಿಯ ಹೆಸರು.

ತಾಯಿ ವೇದವಲ್ಲಿಯ ಬದುಕನ್ನು ದಯವಿಟ್ಟು ಗಮನ ಇಟ್ಟು ಓದಿ. ಗಂಡ ಇಲ್ಲ, ಎರಡು ಚಿಕ್ಕ ಮಕ್ಕಳು. ತಂಗಿ ಅಂಬುಜವಲ್ಲಿ ಮದರಾಸಿಗೆ ಹೋಗಿ ವಿದ್ಯಾವತಿ ಎಂಬ ಹೆಸರಲ್ಲಿ ನಟಿಸುತ್ತಿದ್ದರು. ವೇದವಲ್ಲಿಯೂ ಅಲ್ಲಿಗೆ ಹೋಗಿ ಸಂಧ್ಯಾ ಎಂಬ ಹೆಸರಲ್ಲಿ ಸಿನಿಮಾ ಸೇರಿದರು. ಆ ಕಾಲದಲ್ಲಿ ಅಂಥ ಮನೆಯ ಹೆಂಗಸು ಸಿನಿಮಾಕ್ಕೆ ಹೋಗುವುದು ಸುಮ್ನೆ ಅಲ್ಲ. ಮಗಳು ಅಜ್ಜ ಅಜ್ಜಿಯ ಹತ್ತಿರವೇ ಇದ್ದು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, 1958ರಲ್ಲಿ ಮದರಾಸಿಗೆ ಹೋದಳು. ಅಂದರೆ ಸಿನಿಮಾ ಸಿಗುವ ಎಷ್ಟೋ ಮೊದಲೇ ಊರು ಬದಲಾಗಿತ್ತು.

ಈಗ ಎಲ್ಲರೂ ಎಡವುವ ಜಾಗ: ಮೊದಲ ಸಿನಿಮಾ ಯಾವುದು? ಬಾಲನಟಿಯಾಗಿ ಕೇಳಿದರೆ 1961ರ ಕನ್ನಡ ಚಿತ್ರ ‘ಶ್ರೀಶೈಲ ಮಹಾತ್ಮೆ’. ನಾಯಕಿಯಾಗಿ ಕೇಳಿದರೆ 1964ರ ‘ಚಿನ್ನದ ಗೊಂಬೆ’, ಅದೂ ಕನ್ನಡವೇ. ತಮಿಳಿನಲ್ಲಿ ನಾಯಕಿಯಾದದ್ದು 1965ರ ‘ವೆಣ್ಣಿರ ಆಡೈ’ಯಲ್ಲಿ, ನಿರ್ದೇಶಕ ಶ್ರೀಧರ್. ಪ್ರಶ್ನೆಯಲ್ಲಿ ಬಾಲನಟಿ, ನಾಯಕಿ, ತಮಿಳು ಈ ಮೂರರಲ್ಲಿ ಯಾವ ಪದ ಇದೆ ನೋಡಿಕೊಂಡು ಉತ್ತರ ಬರೆಯಿರಿ.

‘ಚಿನ್ನದ ಗೊಂಬೆ’ಯಲ್ಲೇ ನಮ್ಮ ವಾದಕ್ಕೆ ಉತ್ತರ ಇದೆ. ನಿರ್ಮಾಣ, ನಿರ್ದೇಶನ ಬಿ.ಆರ್. ಪಂತುಲು ಅವರದು. ಕೋಲಾರದ ಕಡೆಯ ಕನ್ನಡಿಗರು, ಕೆಲಸವೆಲ್ಲ ಮದರಾಸಿನಲ್ಲಿ. ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ತೆಗೆದರು. ತಮಿಳಿನಲ್ಲಿ ‘ಮುರಡನ್ ಮುತ್ತು’, ಶಿವಾಜಿ ಗಣೇಶನ್ ಮತ್ತು ದೇವಿಕಾ. ಕನ್ನಡದಲ್ಲಿ ಕಲ್ಯಾಣ್ ಕುಮಾರ್ ಮತ್ತು ಜಯಲಲಿತಾ. ಹುಡುಗಿಗೆ ಆಗ 16 ವರ್ಷ, ಶಾಲೆಯ ಬೇಸಿಗೆ ರಜೆಯಲ್ಲಿ ನಟಿಸಿದ್ದು. ಪಿ.ಬಿ. ಶ್ರೀನಿವಾಸ್ ಹಾಡಿದ ‘ಸೇವಂತಿಗೆ ಚೆಂಡಿನಂಥ ಮುದ್ದು ಕೋಳಿ’ ಇದೇ ಸಿನಿಮಾದ್ದು. ನಮ್ಮ ಮನೆಗಳಲ್ಲಿ ಹಾಡು ಎಲ್ಲರಿಗೂ ಬಾಯಿಪಾಠ, ನಾಯಕಿ ಯಾರೆಂದು ಕೇಳಿದರೆ ಮಾತ್ರ ಯಾರೂ ಹೇಳುವುದಿಲ್ಲ!

ಆಗಿನ ಕನ್ನಡ ಸಿನಿಮಾದ ಮನೆಯೇ ಮದರಾಸು ಅಲ್ವಾ? ರಾಜ್‌ಕುಮಾರ್ ಅವರೂ ಅಲ್ಲೇ ವಾಸವಿದ್ದರು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು, ನಿಜ. ಆದರೆ ಹಾಡಿನ ಧ್ವನಿಮುದ್ರಣ, ಫಿಲ್ಮ್ ತೊಳೆಯುವ ಲ್ಯಾಬ್, ಎಡಿಟಿಂಗ್ ಎಲ್ಲ ಹೆಚ್ಚಾಗಿ ಅಲ್ಲೇ. ಹಾಗಾಗಿ ಆಕೆ ಕನ್ನಡದಿಂದ ತಮಿಳಿಗೆ ಹೋದದ್ದು ಅಂದರೆ ಸ್ಟುಡಿಯೋದಲ್ಲಿ ಚಿತ್ರೀಕರಣದ ಒಂದು ಫ್ಲೋರ್‌ನಿಂದ ಪಕ್ಕದ ಫ್ಲೋರ್‌ಗೆ ಹೋದ ಹಾಗೆ. ತಮಿಳಿನ ದೊಡ್ಡ ನಾಯಕನ ಎದುರಿಗೆ ಕರೆದುಕೊಂಡು ಹೋದದ್ದೂ ಅದೇ ಪಂತುಲು. 1965ರ ‘ಆಯಿರತ್ತಿಲ್ ಒರುವನ್’ನಲ್ಲಿ ಎಂ.ಜಿ. ರಾಮಚಂದ್ರನ್ (ಎಂಜಿಆರ್) ಎದುರು ನಾಯಕಿಯಾಗಿ ನಿಲ್ಲಿಸಿದರು. ಆ ಸಿನಿಮಾದ ಹಡಗಿನ ದೃಶ್ಯಗಳನ್ನು ತೆಗೆದದ್ದು ನಮ್ಮ ಕಾರವಾರದ ಕಡಲಲ್ಲಿ. ಸಿನಿಮಾ ದೊಡ್ಡದಾಗಿ ಗೆದ್ದಿತು. ಎಂಜಿಆರ್, ಜಯಲಲಿತಾ ಇಬ್ಬರೂ ಸೇರಿ ಒಟ್ಟು 28 ಚಿತ್ರ ಮಾಡಿದರು. ಅಷ್ಟು ಕೆಲಸ ಇರುವಾಗ ಕನ್ನಡಕ್ಕೆ ದಿನ ಎಲ್ಲಿಂದ ಬರಬೇಕು? ‘ಮನೆ ಅಳಿಯ’, ‘ನನ್ನ ಕರ್ತವ್ಯ’, ‘ಮಾವನ ಮಗಳು’, 1966ರ ‘ಬದುಕುವ ದಾರಿ’, ಅಲ್ಲಿಗೆ ಕನ್ನಡದ ಕಂತು ಮುಗಿಯಿತು.

ನಟನೆ ಬಗ್ಗೆ ಬರೆಯುವಾಗ ನಾಟ್ಯದಿಂದ ಶುರು ಮಾಡಿ. ಭರತನಾಟ್ಯದ ಗುರು ಕೆ.ಜೆ. ಸರಸಾ, 1960ರಲ್ಲಿ ರಂಗಪ್ರವೇಶ. ಅಂದಿನ ಮುಖ್ಯ ಅತಿಥಿ ಶಿವಾಜಿ ಗಣೇಶನ್. ಮುಂದೆ ಅವರ ಜೊತೆಗೇ ನಾಯಕಿಯಾದರು! ನಾನು ಒಂದು ಹಾಡನ್ನು ಮೊಬೈಲ್‌ನಲ್ಲಿ ಶಬ್ದ ತೆಗೆದು ಮೂರು ಸಲ ನೋಡಿದೆ. ಹಾಡು ಗೊತ್ತಿಲ್ಲದಿದ್ದರೂ ತಾಳ ಗೊತ್ತಾಗುತ್ತದೆ. ಮೊದಲು ಕಣ್ಣು ತಿರುಗುತ್ತದೆ, ಆಮೇಲೆ ಕತ್ತು, ಕೊನೆಗೆ ಭುಜ. ಕ್ಯಾಮೆರಾ ಹತ್ತಿರ ಬಂದಾಗ ಕೈ ಇಳಿಸಿ ಹುಬ್ಬಿನಲ್ಲೇ ಮುಗಿಸುತ್ತಾರೆ. ರಂಗದ ಮೇಲಿನ ಅಭಿನಯವನ್ನು ಕ್ಲೋಸಪ್ಪಿಗೆ ಇಷ್ಟು ಇಳಿಸಿಕೊಳ್ಳುವುದು ಕಷ್ಟದ ಕೆಲಸ. ಚೆಂದದ ಮುಖ ಎಂದಷ್ಟೇ ಬರೆದು ಮುಂದೆ ಹೋಗುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಉಳಿದದ್ದು ಚುಟುಕಾಗಿ. 1969ರ ‘ಅಡಿಮೈ ಪೆಣ್’ನಲ್ಲಿ ದ್ವಿಪಾತ್ರ, ಒಂದು ಹಾಡನ್ನೂ ಅವರೇ ಹಾಡಿದರು. 1972ರ ‘ಪಟ್ಟಿಕಾಡಾ ಪಟ್ಟಣಮಾ’ ಶಿವಾಜಿ ಜೊತೆ, ಓದಿದ ಪಟ್ಟಣದ ಹುಡುಗಿಯ ಪಾತ್ರ. 1980ರ ಹೊತ್ತಿಗೆ ನಟನೆ ನಿಂತಿತು. 1982ರಲ್ಲಿ ಎಂಜಿಆರ್ ಅವರ ಅಣ್ಣಾ ಡಿಎಂಕೆ ಪಕ್ಷ ಸೇರಿದರು, 1991ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ. 2016ರ ಡಿಸೆಂಬರ್ 5ರಂದು ತೀರಿಕೊಂಡರು. ರಾಜಕೀಯಕ್ಕೆ ಬೇರೆ ಟಿಪ್ಪಣಿಯೇ ಬೇಕು, ಇಲ್ಲಿ ಬೆರೆಸಬೇಡಿ.

ಶನಿವಾರ ‘ಚಿನ್ನದ ಗೊಂಬೆ’ ಮತ್ತು ‘ಆಯಿರತ್ತಿಲ್ ಒರುವನ್’ನ ಕೆಲವು ದೃಶ್ಯ ಒಟ್ಟಿಗೆ ನೋಡೋಣ. ಎರಡರ ನಡುವೆ ಒಂದೇ ವರ್ಷದ ಅಂತರ. ಮಾತಿಲ್ಲದೆ ಎದುರಿನವರ ಮಾತು ಕೇಳಿಸಿಕೊಳ್ಳುವಾಗ ಜಯಲಲಿತಾ ಮುಖ ಏನು ಮಾಡುತ್ತದೆ, ಅದನ್ನು ಮಾತ್ರ ಬರೆದುಕೊಳ್ಳಿ.